ಹಿತ್ತಲಿಗೆ ಹೇಳಿದ ಕುಸ್ತಿ

ಏಳು ಕೆರೆಗಳ ಆಚೆ, ಈಗ ಯಾರಿಗೂ ಹೆಸರು ನೆನಪಿಲ್ಲದ ಒಂದು ಪಟ್ಟಣದಲ್ಲಿ, ಕಿಟಕಿಯೇ ಇಲ್ಲದ ಅರಮನೆಯೊಳಗೆ ಒಬ್ಬ ರಾಜಕುಮಾರಿ ಇದ್ದಳಂತೆ. ಬೀದಿಯಲ್ಲಿ ಬಳೆಗಾರರು ಹೋಗುತ್ತಿದ್ದರು, ಕುದುರೆಗಳು ಹೋಗುತ್ತಿದ್ದವು, ಜಗಳಗಂಟಿ ಹೆಂಗಸರು ಹೋಗುತ್ತಿದ್ದರು. ಅವಳಿಗೆ ಸಿಗುತ್ತಿದ್ದದ್ದು ಬರೀ ಸದ್ದು. ಮಗಳು ಸೊರಗುವುದನ್ನು ನೋಡಲಾರದೆ ರಾಜ ಡಂಗುರ ಹೊಡೆಸಿದನಂತೆ: ಗೋಡೆಯ ಒಂದು ಕಲ್ಲನ್ನೂ ಕದಲಿಸದೆ ಇಡೀ ಸಂತೆಯನ್ನು ಇವಳಿಗೆ ತೋರಿಸುವವನಿಗೆ ಇವಳನ್ನೇ ಕೊಡುತ್ತೇನೆ.

“ಆಮೇಲೆ?” ಎಂದು ಚಂದ್ರಮತಿ ಕೇಳುವ ಹೊತ್ತಿಗೆ ಅಜ್ಜಿ ಗುರುಸಿದ್ದಮ್ಮನಿಗೆ ಗೊರಕೆ. ಬೆಳಗ್ಗೆ ಎದ್ದು ಕೇಳಿದರೆ, “ಆಮ್ಯಾಕೇನು? ಯಾವನೋ ಒಬ್ಬ ಬಂದ ಕಣಮ್ಮಿ. ಕತೇಲಿ ಬರದೆ ಇದ್ದಾನಾ?” ಎಂದು ಅಜ್ಜಿ ಹಲ್ಲುಪುಡಿ ಹುಡುಕುತ್ತಿದ್ದಳು.

ಹತ್ತೊಂಬತ್ತು ತುಂಬಿದ ಮೇಲೂ ಚಂದ್ರಮತಿಗೆ ಆ ಅರಮನೆಯಿಂದ ಪೂರ್ತಿ ಹೊರಗೆ ಬರಲು ಆಗಿರಲಿಲ್ಲ. ಚಾಮರಾಜನಗರದ ಅವರ ಮನೆಯ ಮುಂದೆ ಅಪ್ಪ ಚಿಕ್ಕಮಲ್ಲಪ್ಪನವರ ಅರಿಸಿನದ ಮಂಡಿ. ಹಿಂದೆ ಹಿತ್ತಲು, ಹಿತ್ತಲಿಗೆ ಆಳೆತ್ತರದ ಗೋಡೆ, ಗೋಡೆಯಾಚೆ ಗರಡಿ ಬಯಲು. ವರ್ಷಕ್ಕೊಮ್ಮೆ, ಅರಿಸಿನ ಬೇಯಿಸಿ ಒಣಗಿಸುವ ದಿನಗಳಲ್ಲಿ, ಆ ಬಯಲಿನ ಕೆಂಪು ಮಣ್ಣಿನ ಮಟ್ಟಿಯಲ್ಲಿ ಕುಸ್ತಿ. ಅವಳ ಅಣ್ಣ ಮರಿಮಲ್ಲಪ್ಪ ಊರಿನ ಹೆಸರಾಂತ ಪೈಲ್ವಾನ.

ಆ ಮಟ್ಟಿಯ ಮೇಲೆ ಹೆಣ್ಣಿನ ಕಣ್ಣು ಬೀಳಬಾರದು. ಇದು ಗರಡಿಯವರ ಕಟ್ಟು. ಕುಸ್ತಿಯ ದಿನ ಆ ಸಾಲಿನ ಮನೆಗಳ ಹಿತ್ತಲ ಬಾಗಿಲುಗಳೆಲ್ಲ ಮುಚ್ಚಿರುತ್ತಿದ್ದವು. ಚಿಕ್ಕವಳಿದ್ದಾಗ ಒಮ್ಮೆ ಚಂದ್ರಮತಿ ಬಟ್ಟೆ ಒಗೆಯುವ ಕಲ್ಲು ಹತ್ತಿ ಇಣುಕಿದ್ದಳು. ಅಂದೇ ಅಣ್ಣನ ಭುಜದ ಕೀಲು ತಪ್ಪಿತ್ತು. ಯಾರೂ ಅವಳನ್ನು ಬೈಯಲಿಲ್ಲ, ಯಾರಿಗೂ ಗೊತ್ತೇ ಇರಲಿಲ್ಲ. ಆದರೂ ಆಮೇಲೆ ಅವಳು ಆ ಕಲ್ಲು ಹತ್ತಲಿಲ್ಲ.

ಗೋಡೆಯಾಚೆಯಿಂದ ತೊಡೆ ತಟ್ಟುವ ಸದ್ದು ಬರುತ್ತಿತ್ತು. ಹೋ ಎಂದು ಕೂಗು ಏಳುತ್ತಿತ್ತು, ಥಟ್ಟನೆ ನಿಲ್ಲುತ್ತಿತ್ತು. ಯಾಕೆ ಕೂಗಿದರು? ಯಾಕೆ ಸುಮ್ಮನಾದರು? ಒಳಗೆ ಅವ್ವ ಒಲೆಯ ಮುಂದೆ ಕೂತು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದುಕೊಂಡಿರುತ್ತಿದ್ದಳು. ಸಂಜೆ ಅಣ್ಣ ಮೈಯೆಲ್ಲ ಮಣ್ಣಾಗಿ ಬಂದರೆ, ಬಿಸಿನೀರು ಹುಯ್ಯುತ್ತ, “ಏನಾಯ್ತಪ್ಪ?” ಎನ್ನುವಳು.

“ಗೆದ್ದೆ.”

ಅಷ್ಟೆ. ಇಡೀ ಮಧ್ಯಾಹ್ನದ ಎದೆಬಡಿತಕ್ಕೆ ಒಂದೇ ಒಂದು ಮಾತು.

*

ಐವತ್ತನಾಲ್ಕನೇ ಇಸವಿಯಲ್ಲಿ ಮೊದಲ ಸಲ ಕುಸ್ತಿಗೆ ಮೈಕು ಬಂತು. ಅಂದು ಬೆಳಗ್ಗೆ ಚಂದ್ರಮತಿ ಹಿತ್ತಲಿಗೆ ಹೋದಾಗ ಬೇವಿನ ಮರದಿಂದ ಎರಡು ಕಾಲು ನೇತಾಡುತ್ತಿದ್ದವು.

“ಕದಿಯಕ್ಕೆ ಬಂದಿದ್ರೆ ಮಂಡಿ ಮುಂದಗಡೆ ಇದೆ,” ಎಂದಳು. “ಆ ಮರದಲ್ಲಿ ಬೇವಿನ ಸೊಪ್ಪು ಬಿಟ್ರೆ ಏನೂ ಸಿಗಲ್ಲ.”

ಎಲೆಗಳ ನಡುವಿನಿಂದ ಒಂದು ಮುಖ ಬಗ್ಗಿತು. ಎಣ್ಣೆ ಹಾಕಿ ಬಾಚಿದ ಕೂದಲಿಗೆ ಬೇವಿನ ಹೂವು ಉದುರಿತ್ತು. ನಗು ಮೊದಲು ಕಣ್ಣಿಗೆ ಬಂದು, ಆಮೇಲೆ ತುಟಿಗೆ ಇಳಿಯುವ ಜಾತಿಯ ಮುಖ.

“ಮೈಕಿನವನು ಕಣ್ರೀ. ಹಾರನ್ ಕಟ್ತಾ ಇದ್ದೀನಿ. ನಿಮ್ಮ ಅಪ್ಪಾರ ಅಪ್ಪಣೆ ತಕ್ಕೊಂಡಿದ್ದೀನಿ. ಒಂದು ಹಗ್ಗ ಸಿಕ್ಕಿದ್ರೆ ಒಸಿ ಪುಣ್ಯ ಬತ್ತದೆ.”

ಹಗ್ಗ ತಂದು ಕೊಟ್ಟಳು. ಅವನು ಮೇಲಿನಿಂದ ಕೈ ಚಾಚಿದ. ಅವಳು ಹಗ್ಗದ ತುದಿಯನ್ನು ಬಿಡಲು ಒಂದು ಗಳಿಗೆ ತಡಮಾಡಿದಳು. ಅವನು ಎಳೆಯಲಿಲ್ಲ, ಕಾದ. ಅದು ಅವಳಿಗೆ ಹಿಡಿಸಿತು.

“ಏನೇನು ಹೇಳ್ತೀರಿ ಅದರಲ್ಲಿ?”

“ಯಾವ ಪೈಲ್ವಾನನಿಗೆ ಯಾವ ಪೈಲ್ವಾನ ಜೋಡಿ, ಬಹುಮಾನ ಯಾರು ಕೊಟ್ಟವ್ರೆ, ಯಾರ ಮಗು ತಪ್ಪಿಸಿಕೊಂಡದೆ. ಮೊದಲು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ಊರ ಹೆಸರು ಕೂಗ್ತಿದ್ದೆ. ತೆರಕಣಾಂಬಿ, ಹಂಗಳ, ಬಂಡೀಪುರ ಅಂತ. ಈಗ ಬಸ್ಸಿನ ಬದಲು ಪೈಲ್ವಾನರು.”

“ಕುಸ್ತಿ ಹೇಗೆ ನಡೀತಿದೆ ಅಂತ ಹೇಳಲ್ವಾ?”

“ನಡೆಯೋದನ್ನ ಎಲ್ರೂ ನೋಡ್ತಾನೇ ಇರ್ತಾರಲ್ಲ.”

“ಎಲ್ರೂ ಅಂದ್ರೆ ಯಾರು?” ಚಂದ್ರಮತಿ ಮುಚ್ಚಿದ ಹಿತ್ತಲ ಬಾಗಿಲುಗಳ ಸಾಲನ್ನು ಕಣ್ಣಲ್ಲೇ ತೋರಿಸಿದಳು. “ನಮ್ಮಣ್ಣ ಇವತ್ತು ಆಡ್ತಾನೆ. ನಾನು ಹುಟ್ಟಿದಾಗಿಂದ ಈ ಗೋಡೆ ಪಕ್ಕದಲ್ಲೇ ಇದ್ದೀನಿ. ಒಂದು ಪಟ್ಟು ಹೆಂಗಿರ್ತದೆ ಅಂತ ಗೊತ್ತಿಲ್ಲ. ಆಡಿದವರೂ ಹೇಳಲ್ಲ, ನೋಡಿದವರೂ ಹೇಳಲ್ಲ.”

ಅವನು ಕೊಂಬೆಯ ಮೇಲೆ ಕೂತು ಅವಳನ್ನೇ ನೋಡಿದ. ನಗು ಕಣ್ಣಿನಲ್ಲೇ ಉಳಿಯಿತು, ತುಟಿಗೆ ಇಳಿಯಲಿಲ್ಲ. ಆಮೇಲೆ ಬಯಲಿನ ಕಡೆ ಮುಖ ಮಾಡಿದ್ದ ಹಾರನ್ನನ್ನು ಮೆಲ್ಲಗೆ ಮನೆಗಳ ಕಡೆಗೆ ತಿರುಗಿಸಿದ.

“ನಾನು ಹೇಳ್ತೀನಿ,” ಎಂದ. “ಒಂದು ಜೋಡಿ. ಕೈ ಕುಲುಕೋದರಿಂದ ಹಿಡಿದು ಕೊನೆ ಮುಟ್ಟೋವರೆಗೂ. ನಿಮ್ಮ ಕಣ್ಣಿಗೆ ಕಟ್ಟೋ ಹಂಗೆ.”

“ಮಾತು ಕೊಟ್ಬುಟ್ಟೆ ಕಣಪ್ಪ ನೀನು,” ಎಂಬ ದನಿ ಕೇಳಿ ಇಬ್ಬರೂ ಬೆಚ್ಚಿದರು. ಅಜ್ಜಿ ತುಳಸಿಕಟ್ಟೆಯ ಹಿಂದೆ ಬಿಸಿಲು ಕಾಯಿಸುತ್ತ ಕೂತಿದ್ದಳು. “ಯಾರ ಮಗ ನೀನು?”

“ಹಂಗಳದ ಗುರುಸಿದ್ದಯ್ಯನ ಮಗ, ಅಜ್ಜಿ. ಗುರುಪಾದಸ್ವಾಮಿ ಅಂತ.”

“ನಮ್ಮೋರೇ. ಮರದಿಂದ ಬಿದ್ದುಗಿದ್ದೀಯ, ಇಳಿ.”

*

ಮಧ್ಯಾಹ್ನ ಮರಿಮಲ್ಲಪ್ಪನ ಜೋಡಿ ಉಡಿಗಾಲದ ಪೈಲ್ವಾನನೊಂದಿಗೆ ಎಂದು ಹಾರನ್ ಹೇಳಿತು. ನಂತರ ಸುಮ್ಮನಾಗಲಿಲ್ಲ.

“ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಿದ್ದಾರೆ. ಮರಿಮಲ್ಲಪ್ಪನವರ ಹಣೆಯ ವಿಭೂತಿಯ ಮೇಲೆ ಈಗ ಕೆಂಪು ಬೊಟ್ಟು. ಕೈ ಕೈ ಸೇರಿದವು. ಸುತ್ತುತ್ತಿದ್ದಾರೆ, ಕಣದಲ್ಲಿ ತಿರುಗುವ ಜೋಡಿ ಎತ್ತುಗಳ ಹಾಗೆ...”

ಹಿತ್ತಲುಗಳಲ್ಲಿ ಬಾಗಿಲು ಕಿರ್ರೆಂದವು. ಪಕ್ಕದ ಮನೆಯ ಚಿಕ್ಕಬಸಮ್ಮ ಒನಕೆ ಹಿಡಿದುಕೊಂಡೇ ಬಂದು ನಿಂತಳು. ಅವ್ವ ಒಲೆ ಬಿಟ್ಟು ಎದ್ದಳು. ಗೋಡೆ ಇದ್ದ ಹಾಗೇ ಇತ್ತು. ಆದರೆ ಚಂದ್ರಮತಿಗೆ ಅಣ್ಣ ಕಂಡ. ಅವನ ಬೆನ್ನಿನ ಬೆವರು ಕಂಡಿತು, ಅವನು ಬಲಗಾಲನ್ನು ಸ್ವಲ್ಪ ಹಿಂದೆ ಇಡುವುದು ಕಂಡಿತು.

“ಮರಿಮಲ್ಲಪ್ಪನವರು ಬಗ್ಗುತ್ತಿದ್ದಾರೆ. ಅವರ ಕಣ್ಣು ಎದುರಾಳಿಯ ಮುಖದ ಮೇಲಿದೆ, ಆದರೆ ಅವರ ಎಡಗೈ ಕಾಲಿನತ್ತ...”

ಬಯಲಿನಲ್ಲಿ ಗೊಳ್ಳೆಂದು ನಗೆ. ಆಮೇಲೆ ರೇಗಾಟ. ಉಡಿಗಾಲದ ಪೈಲ್ವಾನನಿಗೂ ಕಿವಿಗಳಿದ್ದವು. ಎಡಗೈ ಬರುವ ಸುದ್ದಿ ಹಾರನ್ನಿಂದ ಮೊದಲೇ ತಿಳಿದು ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡಿದ್ದ. ಮರಿಮಲ್ಲಪ್ಪನ ಕೈಗೆ ಬರೀ ಗಾಳಿ ಸಿಕ್ಕಿತ್ತು.

“ಏನ್ಲಾ, ನಮಗೇನು ಕಣ್ಣು ಕುರುಡಾಗವಾ, ನೀನು ಏಳಕ್ಕೆ?” ಇದು ಗರಡಿಯ ಉಸ್ತಾದ ಬೋರಯ್ಯನ ದನಿ, ಮೈಕಿನೊಳಗೇ ಕೇಳಿಸಿತು. ಕುಯ್ ಎಂದು ಒಂದು ಕಿರುಚಲು. ಹಾರನ್ ಸತ್ತಿತು.

ಸಂಜೆ ಅಣ್ಣ ಬಂದ. “ಏನಾಯ್ತಪ್ಪ?” ಎಂದಳು ಅವ್ವ.

“ಸಮ ಆಯ್ತು.” ಆಮೇಲೆ, ಎಂದೂ ಇಲ್ಲದ್ದು, ಇನ್ನೊಂದು ಮಾತೂ ಬಂತು. “ಆ ಮೈಕಿನವನ ನಾಲಗೆ ನನ್ನ ಕೈಗಿಂತ ಮುಂದೆ ಓಡ್ತದೆ. ಇನ್ನೊಂದ್ಸಲ ಈ ಕಡೆ ಬರ್ಲಿ, ಹಲ್ಲು ಲೆಕ್ಕ ಹಾಕ್ಕೊಡ್ತೀನಿ.”

ಚಂದ್ರಮತಿ ಅಡುಗೆಮನೆಯ ಕತ್ತಲಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಅಣ್ಣನ ಬಗ್ಗೆ ಪಾಪ ಅನ್ನಿಸಿತು. ಆದರೂ ನಕ್ಕಳು. ಅವಳಿಗೆ ಒಂದು ಕುಸ್ತಿ ಅರ್ಧ ಕಂಡಿತ್ತು. ಆ ಎಡಗೈ ಅವಳೊಳಗೆ ಹಾಗೇ ಚಾಚಿಕೊಂಡು ನಿಂತುಬಿಟ್ಟಿತ್ತು.

*

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಅರಿಸಿನದ ಕೊಂಬು ಆರಿಸುತ್ತ ಕೂತರೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಮೊರಕ್ಕೆ ಹಾಕುತ್ತಿದ್ದಳು. ಹೂವು ಕಟ್ಟಲು ಕೂತರೆ ದಾರ ಮುಗಿದು ಹೂವು ಉಳಿಯುತ್ತಿತ್ತು. ಮೈಕಿನವನು ಊರು ಬಿಟ್ಟ ಎಂದು ಸುದ್ದಿ ಬಂತು. ಗುಂಡ್ಲುಪೇಟೆಯಲ್ಲಿದ್ದಾನೆ ಎಂದು ಇನ್ನೊಂದು ಸುದ್ದಿ.

ಗುಂಡ್ಲುಪೇಟೆಯಲ್ಲಿ ಅವಳ ಸೋದರತ್ತೆ ಶಾಂತಮಲ್ಲಮ್ಮನ ಮನೆ. ಅತ್ತೆಗೆ ಹುಷಾರಿಲ್ಲ ಎಂಬ ನೆಪ ಸಿಕ್ಕಿದ್ದೇ ಅಜ್ಜಿಯನ್ನು ಹೊರಡಿಸಿಕೊಂಡು ಬಸ್ಸು ಹತ್ತಿದಳು. ಅತ್ತೆಯ ನೆಗಡಿ ಬಸ್ಸು ಮುಟ್ಟುವಷ್ಟರಲ್ಲಿ ವಾಸಿಯಾಗಿತ್ತು.

ಸಂಜೆ ಬೀದಿಯಲ್ಲಿ ಜಟಕಾ ಬಂತು. ಎರಡೂ ಕಡೆ ಸಿನಿಮಾದ ಪೋಸ್ಟರು, ಒಳಗೆ ತಗಡಿನ ಭೋಂಗಾ ಹಿಡಿದು ಅವನು. “ಇಂದೇ ನೋಡಿ, ಹತ್ತು ಹಾಡುಗಳು, ಎರಡು ಕತ್ತಿವರಸೆ, ಒಂದು ಹುಲಿ!” ಅದನ್ನೇ ಗಡಿಯಾಚೆಯ ಬತ್ತೇರಿಯಿಂದ ಬಂದ ವ್ಯಾಪಾರಿಗಳಿಗಾಗಿ ಮಲಯಾಳದಲ್ಲೂ ಕೂಗಿದ. ಅತ್ತೆಯ ಮನೆಯ ಜಗಲಿಯ ಮುಂದೆ ಬಂದಾಗ ಭೋಂಗಾ ಬಾಯಿಯಲ್ಲೇ ನಿಂತಿತು. ಹುಲಿ ಒಳಗೇ ಉಳಿಯಿತು.

ಅಂದು ರಾತ್ರಿ ಸಿನಿಮಾ ಟೆಂಟಿನಲ್ಲಿ ಹೆಂಗಸರ ಕಡೆಗೆ ಮೊಣಕಾಲೆತ್ತರದ ಅಡ್ಡಗೋಡೆ. ಅಜ್ಜಿ ಎರಡನೇ ಹಾಡಿಗೇ ನಿದ್ದೆ ಹೋದಳು. ಇಂಟರ್‌ವಲ್ಲಿನಲ್ಲಿ ಅವನು ಎರಡು ಸೋಡಾ ಹಿಡಿದು ಬಂದು, ಅಡ್ಡಗೋಡೆಯ ಆಚೆ ನಿಂತು, ಒಂದನ್ನು ಅವಳ ಪಕ್ಕಕ್ಕೆ ಇಟ್ಟ.

“ನಿಮ್ಮಣ್ಣ ಹೆಂಗವ್ರೆ?”

“ನಿಮ್ಮ ಹಲ್ಲು ಕಾಯ್ತಾ ಇದ್ದಾನೆ.”

“ಇನ್ನೂ ಎಲ್ಲಾ ಅವೆ.” ತೋರಿಸಿದ. ಅವಳು ಸೋಡಾದ ಗೋಲಿಯನ್ನೇ ನೋಡುತ್ತ ನಗು ತಡೆದಳು. “ತಪ್ಪು ನಂದೇ ಕಣ್ರೀ. ನಿಮಗೆ ಹೇಳೋ ಆತುರದಲ್ಲಿ ಊರಿಗೇ ಹೇಳ್ಬುಟ್ಟೆ. ಆ ಕುಸ್ತಿಯ ಉಳಿದರ್ಧ ನನಗೆ ಇವತ್ತಿಗೂ ಬಾಯಿಪಾಠ. ಈಗಲೇ ಹೇಳಿಬಿಡಲಾ?”

ಚಂದ್ರಮತಿ ತಲೆಯಾಡಿಸಿದಳು. “ಮುಗಿದು ಹೋದ ಕತೆ ಹೇಳಕ್ಕೆ ನಮ್ಮಜ್ಜಿ ಇದ್ದಾಳೆ. ನನಗೆ ಮುಗೀದೆ ಇರೋದು ಬೇಕು. ಅಲ್ಲಿ ನಡೀತಾ ಇರಬೇಕು, ಮುಂದೇನು ಅಂತ ಹೇಳೋರಿಗೂ ಗೊತ್ತಿರಬಾರದು. ಹಂಗೆ ಹೇಳಬೇಕು.”

ಮಾತು ಮಾರಿ ಬದುಕುವವನು ಸುಮ್ಮನಿದ್ದರೆ ಹೇಗಿರುತ್ತಾನೆ ಎಂಬುದನ್ನು ಅವಳು ಓರೆಗಣ್ಣಿನಲ್ಲಿ ನೋಡಿದಳು. ಕಿವಿಯ ತುದಿ ಕೆಂಪಾಗಿತ್ತು.

“ಹಾಗಾದ್ರೆ ಬರೋ ವರ್ಷ,” ಎಂದ. “ಅಷ್ಟರಲ್ಲಿ ನಾನು ನಾಟಕದ ಕಂಪನಿಗೆ ಹೋಗ್ತಾ ಇದ್ದೀನಿ. ಪರದೆ ಮುಂದೆ ನಿಂತು ಕತೆ ಹೇಳೋ ಕೆಲಸ.”

“ಟೆಂಟು?”

“ಬೇಜಾರಾಯ್ತು. ಅದೇ ಹುಲಿನ ಎಷ್ಟು ದಿನ ಕೂಗೋದು?”

“ಒಂದು ಕಡೆ ನಿಲ್ಲಕ್ಕೇ ಬರಲ್ವಾ ನಿಮಗೆ?”

ಅವನು ಉತ್ತರ ಹೇಳುವ ಮೊದಲೇ ದೀಪ ಆರಿತು. ಪರದೆಯ ಬೆಳಕಿನಲ್ಲಿ ಅವನ ಮುಖ ಒಮ್ಮೆ ಬಿಳಿಯಾಗಿ, ಒಮ್ಮೆ ಕಪ್ಪಾಗಿ, ಆಮೇಲೆ ಅಲ್ಲಿ ಇರಲಿಲ್ಲ. ಅಜ್ಜಿ ಎಚ್ಚರವಾಗಿ, “ಹುಲಿ ಬಂತಾ?” ಎಂದಳು.

“ಬಂದು ಹೋಯ್ತು ಅಜ್ಜಿ.”

*

ಬರೋ ವರ್ಷ ಬಂತು. ಉಸ್ತಾದ ಬೋರಯ್ಯ ಬೇರೆ ಮೈಕಿನವನನ್ನು ಕರೆಸಿದ್ದ. ಅವನು ಹೆಸರುಗಳನ್ನಷ್ಟೇ ಕೂಗಿದ, ನಡುನಡುವೆ ಕೆಮ್ಮಿದ. ಅಣ್ಣ ಗೆದ್ದೆ ಎಂದ. ಹಿತ್ತಲುಗಳಲ್ಲಿ ಬಾಗಿಲು ಮುಚ್ಚೇ ಇದ್ದವು. ಒಂದೇ ಒಂದು ಸಲ ಅರ್ಧ ಕೇಳಿದ್ದ ಚಿಕ್ಕಬಸಮ್ಮ, “ಆ ಹಂಗಳದ ಹುಡುಗ ಬರ್ನಿಲ್ವಾ?” ಎಂದು ನಡುಗೋಡೆಯ ಮೇಲಿಂದ ಕೇಳಿದಳು. ಹೆಂಗಸರಿಗೆಲ್ಲ ಒಂದು ರುಚಿ ಹತ್ತಿಬಿಟ್ಟಿತ್ತು.

ಚಂದ್ರಮತಿಗೆ ಸಿಟ್ಟು ಬಂತು. ನಾಟಕದ ಪರದೆಯ ಮುಂದೆ ಯಾವ ಊರಿನಲ್ಲಿ, ಯಾರಿಗೆ ಕಥೆ ಹೇಳುತ್ತಿದ್ದಾನೋ. ಸಿಟ್ಟು ಆರುವಷ್ಟರಲ್ಲಿ ಇನ್ನೊಂದು ವರ್ಷದ ಕುಸ್ತಿಯೂ ಮುಗಿದು, ಅಪ್ಪ ಒಂದು ರೇಡಿಯೋ ತಂದರು. ಮಂಡಿಯ ಗದ್ದಿಗೆಯ ಪಕ್ಕದಲ್ಲಿ ಇಟ್ಟು, ಕಸೂತಿ ಬಟ್ಟೆ ಹೊದಿಸಿ, ಸಂಜೆ ಮಾರುಕಟ್ಟೆಯ ಧಾರಣೆ ಕೇಳಲು ವ್ಯಾಪಾರಿಗಳನ್ನೆಲ್ಲ ಕೂರಿಸಿಕೊಂಡರು.

“ಬೆಲ್ಲ... ಕಡಲೆಕಾಯಿ... ಅರಿಸಿನ,” ಎಂದಿತು ರೇಡಿಯೋ.

ಒಳಗೆ ಕಾಫಿ ಸೋಸುತ್ತಿದ್ದ ಚಂದ್ರಮತಿಯ ಕೈ ನಿಂತಿತು.

ದನಿ ತೊಳೆದಿಟ್ಟ ಹಾಗಿತ್ತು. ಹಂಗಳದ ಎಳೆತ ಎಲ್ಲೋ ಕಳೆದುಹೋಗಿತ್ತು. ಆದರೂ ಅವನೇ. ಕೊಳ್ಳೇಗಾಲ ಎಂದ, ನಂಜನಗೂಡು ಎಂದ. ನಂತರ ಚಾಮರಾಜನಗರ ಎನ್ನುವ ಮೊದಲು ಒಂದು ಚಿಕ್ಕ ಉಸಿರು ತೆಗೆದುಕೊಂಡ. ಬೇರೆ ಯಾವ ಊರಿಗೂ ಆ ಉಸಿರು ಇರಲಿಲ್ಲ.

“ಓದೋದು ಅಂದ್ರೆ ಹಿಂಗೆ ಓದ್ಬೇಕು,” ಎಂದರು ಅಪ್ಪ. “ಒಂದಕ್ಷರ ನುಂಗಲ್ಲ ಹುಡುಗ. ಯಾರೋ ಒಳ್ಳೆ ಮನೆತನದವನೇ ಇರಬೇಕು.”

ಚಂದ್ರಮತಿ ಕಾಫಿಗೆ ಉಪ್ಪು ಹಾಕಿದಳು. ಆ ಸಂಜೆಯಿಂದ ಊರಿನಲ್ಲಿ ಅರಿಸಿನದ ಧಾರಣೆಯನ್ನು ಅಷ್ಟು ಪ್ರೀತಿಯಿಂದ ಕೇಳುವ ಇನ್ನೊಂದು ಜೀವ ಇರಲಿಲ್ಲ. ಬೆಲೆ ಏರಿತೋ ಇಳಿಯಿತೋ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆ ಉಸಿರು ಬಂತೋ ಇಲ್ಲವೋ, ಅಷ್ಟೇ ಬೇಕಿತ್ತು. ಬಂದ ದಿನ ಇನ್ನೊಂದು ಬೇಕೆನ್ನಿಸುತ್ತಿತ್ತು. ಅವನು ಇಡೀ ಸೀಮೆಗೆ ಕೇಳುತ್ತಿದ್ದ, ಅವಳ ಒಂದು ಮಾತೂ ಅವನಿಗೆ ಕೇಳುತ್ತಿರಲಿಲ್ಲ. ಈ ಸಂಕಟವನ್ನು ಯಾವ ರೇಡಿಯೋಗೆ ಹೇಳುವುದು?

ಈ ನಡುವೆ ಗುಂಡ್ಲುಪೇಟೆಯ ಅರಿಸಿನದ ವ್ಯಾಪಾರಿಯ ಮನೆಯಿಂದ ಸಂಬಂಧ ಕೇಳಿ ಬಂದರು. ಹುಡುಗ ಒಳ್ಳೆಯವನೇ. ತಲೆ ತಗ್ಗಿಸಿ ಕೂತಿದ್ದ. ಅವಳು ಉಪ್ಪಿಟ್ಟು ತಂದಿಟ್ಟಾಗ ಹುಡುಗನ ತಂದೆ, “ಧಾರಣೆ ಹೊತ್ತಾಯ್ತು, ರೇಡಿಯೋ ಹಾಕಿ,” ಎಂದರು. ಗುರುಪಾದಸ್ವಾಮಿ ಆ ಹಜಾರದ ಮಧ್ಯೆ ಬಂದು ಗುಂಡ್ಲುಪೇಟೆ ಎಂದ, ನಂಜನಗೂಡು ಎಂದ, ಉಸಿರು ತೆಗೆದುಕೊಂಡ. ಚಂದ್ರಮತಿಯ ಮುಖ ಅರಳಿದ್ದನ್ನು ಕಂಡು ಗಂಡಿನ ಕಡೆಯವರು ಒಪ್ಪಿಗೆಯೆಂದೇ ತಿಳಿದು ಹೋದರು.

“ಅಜ್ಜಿ, ನನಗೆ ಬೇಡ,” ಎಂದಳು ಅವಳು ಆ ಸಂಜೆ.

“ಯಾಕಮ್ಮಿ?”

“ಒಬ್ಬರು ಹಿತ್ತಲಲ್ಲಿ ಮಾತು ಕೊಟ್ಟಿದ್ದಾರೆ. ಅರ್ಧ ಆಗಿದೆ.”

ಅಜ್ಜಿ ಮೊಮ್ಮಗಳ ಜಡೆ ಬಿಚ್ಚುತ್ತಿದ್ದವಳು ಕೈ ನಿಲ್ಲಿಸಲಿಲ್ಲ. “ನನಗೇನು ಕಿವಿ ಇಲ್ವಾ? ಆ ರೇಡಿಯೋದವನು ನಮ್ಮೂರ ಎಸರು ಬಂದಾಗ ಉಸ್ ಅಂತಾನೆ. ನಾನೂ ಒಂದ್ಕಾಲಕ್ಕೆ ಹರೇದೋಳು ಕಣಮ್ಮಿ.”

*

ಐವತ್ತೇಳರ ಕುಸ್ತಿಗೆ ಮುಂಚಿನ ವಾರ, ಮಂಡಿಯ ಮುಂದೆ ಒಂದು ಜೀಪು ನಿಂತಿತು. ಹಳ್ಳಿಗಳ ಕಾರ್ಯಕ್ರಮಕ್ಕೆ ವ್ಯಾಪಾರಿಗಳ ಮಾತು ಹಿಡಿದಿಟ್ಟುಕೊಳ್ಳಲು ರೇಡಿಯೋದವರು ಬಂದಿದ್ದರು. ಧ್ವನಿ ಹಿಡಿಯುವ ಮಿಷನ್ನಿನ ಹಿಂದೆ ಬಿಳಿ ಷರಟಿನ ಗುರುಪಾದಸ್ವಾಮಿ ಇಳಿದು ನಮಸ್ಕಾರ ಎಂದ.

“ಧಾರಣೆ ಓದೋದು ನೀವೇನಾ?” ಅಪ್ಪ ಗದ್ದಿಗೆಯಿಂದ ಎದ್ದೇ ಬಂದರು. “ಬನ್ನಿ ಬನ್ನಿ. ಒಳಗಿಂದ ಕಾಫಿ ತನ್ನಿ.” ಆಮೇಲೆ ಕನ್ನಡಕ ಏರಿಸಿ ನೋಡಿದರು. “ನಿನ್ನ ಎಲ್ಲೋ ನೋಡಿದ್ದೀನಲ್ಲಪ್ಪ.”

“ನಿಮ್ಮ ಬೇವಿನ ಮರದಲ್ಲಿ,” ಎಂದ ಅವನು.

ಮೂಟೆಯ ಮೇಲೆ ಕೂತಿದ್ದ ಮರಿಮಲ್ಲಪ್ಪ ಎದ್ದು ನಿಂತ. ಅಂಗಡಿ ಚಿಕ್ಕದಾಯಿತು.

“ಹಲ್ಲು ಆಮೇಲೆ, ಅಣ್ಣ,” ಎಂದ ಗುರುಪಾದಸ್ವಾಮಿ. “ಮೊದಲು ಯಜಮಾನರ ಹತ್ರ ಒಂದು ಮಾತು ಆಡ್ಬೇಕು. ನಮ್ಮಪ್ಪಾರನ್ನ ಕಳಿಸಿ ಕೇಳೋದೇ ಪದ್ಧತಿ. ಆದ್ರೆ ಗುಂಡ್ಲುಪೇಟೆಯಿಂದ ಸಂಬಂಧ ಬಂದದೆ ಅಂತ ಕೇಳ್ದೆ. ತಡೆಯಕ್ಕಾಗ್ನಿಲ್ಲ.” ಗಂಟಲು ಸರಿಮಾಡಿಕೊಂಡ. ಇಡೀ ಸೀಮೆಗೆ ಕೇಳುವ ದನಿ ಆ ಹೊತ್ತು ಅರಿಸಿನದ ಮೂಟೆಯಾಚೆಗೂ ಹೋಗಲಿಲ್ಲ. “ನಿಮ್ಮ ಮಗಳನ್ನ ನನಗೆ ಕೊಡಿ.”

ಒಳಬಾಗಿಲ ಹಿಂದೆ ಚಂದ್ರಮತಿ ಚಿಲಕವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಪ್ಪ ಗದ್ದಿಗೆಗೆ ಹೋಗಿ ಕೂತರು. ವ್ಯಾಪಾರಿಗಳು ಇವನ ಬಗ್ಗೆ ಆಡಿಕೊಂಡದ್ದೆಲ್ಲ ಈಗ ನೆನಪಿಗೆ ಬಂತು. “ನೀನು ಬಸ್‌ಸ್ಟ್ಯಾಂಡಲ್ಲಿದ್ದೆ. ಬುಟ್ಟೆ. ಮೈಕು ಇಟ್ಟೆ. ಬುಟ್ಟೆ. ಟೆಂಟು, ಅದೂ ಬುಟ್ಟೆ.”

“ನಾಟಕದ ಕಂಪನೀನೂ ಬಿಟ್ಟೆ,” ಎಂದ ಅವನೇ.

“ಈಗ ರೇಡಿಯೋ. ಮುಂದಕ್ಕೆ?”

“ಮ್ಯಾಚು ಹೇಳೋ ಕೆಲಸ ಸಿಗಬೋದು. ಫುಟ್‌ಬಾಲು, ಹಾಕಿ. ಕುಸ್ತಿ ನೋಡಕ್ಕೆ ನಮ್ಮ ಸಾಹೇಬರೂ ಬತ್ತಾ ಅವ್ರೆ. ಅವರದೇ ತೀರ್ಮಾನ.”

“ನಿನ್ನ ಕಾಲಲ್ಲಿ ಚಕ್ರ ಐತೆ ಕಣಪ್ಪ. ನನ್ನ ಮಗಳನ್ನ ಯಾವ ನಿಲ್ದಾಣದಲ್ಲಿ ಇಳಿಸಿ ಓಯ್ತೀಯ?”

ಉತ್ತರ ಬಂದದ್ದು ಒಳಗಿನಿಂದ, ಅಜ್ಜಿಯ ದನಿಯಲ್ಲಿ.

“ಮಲ್ಲಪ್ಪ, ಆ ಹುಡುಗ ನನ್ನೆದುರಿಗೆ ನಿನ್ನ ಮಗಳಿಗೆ ಒಂದು ಮಾತು ಕೊಟ್ಟವನೆ. ಒಂದು ಜೋಡಿ ಕುಸ್ತಿ, ಕೊನೆವರ್ಗೂ ಏಳ್ತೀನಿ ಅಂತ. ಅದನ್ನ ಮುಗಿಸ್ತಾನೋ ನೋಡು. ಒಂದನ್ನ ಕೊನೆ ಮುಟ್ಟಿಸಿದೋನು ಇನ್ನೊಂದನ್ನೂ ಮುಟ್ಟಿಸ್ತಾನೆ. ನಡುವೆ ಎದ್ದು ಓಗ್ಬುಟ್ರೆ ಗುಂಡ್ಲುಪೇಟೆಯೋರಿಗೇ ಕೊಡು. ನಾನೇ ಸೋಬಾನೆ ಏಳ್ತೀನಿ.”

ಅಪ್ಪ ಮಗನ ಮುಖ ನೋಡಿದರು. ಮರಿಮಲ್ಲಪ್ಪ ಗುರುಪಾದಸ್ವಾಮಿಯ ಮುಖ ನೋಡಿದ.

“ನನ್ನ ಜೋಡಿ ಮೈಸೂರಿನವನ ಮೇಲೆ,” ಎಂದ. “ಹೇಳ್ಕೊ. ಆದ್ರೆ ಮೈಕು ಮುಟ್ಟಬಾರದು. ನಿನ್ನ ಒಂದು ಮಾತು ಮಟ್ಟಿಗೆ ಕೇಳ್ತೋ, ಆ ಪೈಲ್ವಾನನ್ನ ಬುಟ್ಟು ನಿನ್ನ ಹಿಡೀತೀನಿ.”

*

ಆ ಭಾನುವಾರ ಅವನು ಹಿತ್ತಲ ಗೋಡೆಯ ಮೇಲೆ ಕೂತ. ಒಂದು ಕಾಲು ಬಯಲಿನ ಕಡೆಗೆ, ಒಂದು ಕಾಲು ಮನೆಯ ಕಡೆಗೆ. ಕಣ್ಣು ಅತ್ತ, ಬಾಯಿ ಇತ್ತ. ಕೆಳಗೆ ಒಗೆಯುವ ಕಲ್ಲಿನ ಪಕ್ಕ ಚಂದ್ರಮತಿ, ಅವಳ ಹಿಂದೆ ಅವ್ವ, ಚಿಕ್ಕಬಸಮ್ಮ, ಸಾಲಿನ ಹೆಂಗಸರೆಲ್ಲ. ಅಜ್ಜಿ ತುಳಸಿಕಟ್ಟೆಗೆ ಒರಗಿ, ಪಂಚಾಯ್ತಿಗೆ ಕೂತ ಹಾಗೆ ಕೂತಿದ್ದಳು.

ಅವನ ದನಿ ಅವಳಿಗೆ ಹೊಸದಾಗಿತ್ತು. ಭೋಂಗಾದ ದನಿಯಲ್ಲ, ಧಾರಣೆಯ ದನಿಯಲ್ಲ. ಪಕ್ಕದಲ್ಲಿ ಕೂತು ಮಾತಾಡಿದಷ್ಟು ಮೆತ್ತಗೆ.

“ಮಣ್ಣು ಹಣೆಗೆ ಇಟ್ಕೊಂಡ್ರು. ನಿಮ್ಮಣ್ಣ ಇವತ್ತು ಗಡ್ಡ ಹೆರೆದಿಲ್ಲ. ಮೈಸೂರಿನವನು ಎತ್ತರ, ಹರೇದ ಹುಡುಗ. ಕೈ ಕೊಟ್ರು. ಬಿಟ್ರು... ಹಿಡಿದ್ರು. ತಲೆಗೆ ತಲೆ ಕೊಟ್ಟು ನಿಂತವ್ರೆ. ನಿಮ್ಮಣ್ಣನ ಕತ್ತಿನ ನರ ಇಲ್ಲಿಗೆ ಕಾಣ್ತದೆ.”

ಚಂದ್ರಮತಿ ಕಣ್ಣು ಮುಚ್ಚಿದಳು. ಮುಚ್ಚಿದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು.

“ಎಡಗೈ ಹಾಕಿದ್ರು, ಕಾಲಿಗೆ. ಸಿಕ್ತು. ಎತ್ತಿದ್ರು... ಹುಡುಗ ಗಾಳೀಲಿ ತಿರುಗಿಬಿಟ್ಟ, ಬೆಕ್ಕಿನ ಹಂಗೆ. ಹೊಟ್ಟೆ ಮೇಲೆ ಬಿದ್ದ. ನಿಮ್ಮಣ್ಣ ಮೇಲಿದ್ದಾರೆ.”

“ಅಯ್ಯೋ ನನ್ನಪ್ಪ,” ಎಂದಳು ಅವ್ವ. ಮಗನ ಕುಸ್ತಿಯಲ್ಲಿ ಅವ್ವ ಬಾಯಿಬಿಟ್ಟದ್ದು ಅದೇ ಮೊದಲು.

ಅಷ್ಟರಲ್ಲಿ ಹಾರನ್ ಕೂಗಿತು. “ರೇಡಿಯೋದ ಶ್ರೀ ಗುರುಪಾದಸ್ವಾಮಿಯವರು ಎಲ್ಲಿದ್ದರೂ ಕೂಡಲೇ ವೇದಿಕೆಗೆ ಬರಬೇಕು. ತಮ್ಮ ಸಾಹೇಬರು ಕರೆಯುತ್ತಿದ್ದಾರೆ.”

ಗೋಡೆಯ ಮೇಲಿನ ಬಯಲ ಕಡೆಯ ಕಾಲು ಒಂದಿಷ್ಟು ಅಲುಗಿತು. ಚಂದ್ರಮತಿ ಕಣ್ಣು ತೆರೆದು ಆ ಕಾಲನ್ನೇ ನೋಡಿದಳು. ಹೋಗಬೇಡಿ ಎನ್ನಲಿಲ್ಲ. ಹೇಳಿಸಿಕೊಂಡು ನಿಂತರೆ ಅದೇನು ನಿಂತ ಹಾಗೆ?

“ನಿಮ್ಮಣ್ಣ ಹುಡುಗನ್ನ ಮಗುಚಕ್ಕೆ ನೋಡ್ತಾ ಅವ್ರೆ,” ಎಂದ ಅವನು. “ಹುಡುಗ ಮಣ್ಣು ಕಚ್ಚಿಕೊಂಡು ಮಲಗವನೆ. ಬೆರಳು ಮಣ್ಣೊಳಗೆ ಇಳಿದವೆ.”

“ಶ್ರೀ ಗುರುಪಾದಸ್ವಾಮಿಯವರು. ಸಾಹೇಬರು ಹೊರಡುವವರಿದ್ದಾರೆ. ಮುಂದಿನ ಜೋಡಿಯನ್ನು ತಾವು ಮೈಕಿನಲ್ಲಿ ಹೇಳಬೇಕೆಂದು ಅವರ ಅಪೇಕ್ಷೆ.”

“ಹುಡುಗ ಮೊಣಕ್ಕಾಲು ಊರಿದ. ಏಳ್ತಾ ಅವನೆ. ನಿಮ್ಮಣ್ಣನಿಗೆ ಏದುಸಿರು ಬತ್ತಾ ಇದೆ, ಪಕ್ಕೆ ಏರಿಳಿಯೋದು ಕಾಣ್ತದೆ.”

ಹಾರನ್ ಇನ್ನೂ ಒಮ್ಮೆ ಕರೆದು, ಬೇಸತ್ತು, ಬಹುಮಾನ ಕೊಟ್ಟವರ ಹೆಸರು ಹೇಳತೊಡಗಿತು. ಸಾಹೇಬರ ಜೀಪು ಹೊರಟ ಸದ್ದು ಎಲ್ಲರಿಗೂ ಕೇಳಿಸಿತು. ಗುರುಪಾದಸ್ವಾಮಿ ತಲೆ ತಿರುಗಿಸಲಿಲ್ಲ. ಅವನ ಹಣೆಯಲ್ಲಿ ಬೆವರಿತ್ತು. ಅದು ಬಿಸಿಲಿನದಲ್ಲ.

“ಇಬ್ಬರೂ ಎದ್ದು ನಿಂತ್ರು. ಹುಡುಗ ಒಳಕ್ಕೆ ನುಗ್ಗಿದ. ಸೊಂಟ ಸಿಕ್ತು ಅವನಿಗೆ. ನಿಮ್ಮಣ್ಣನ ಕಾಲು...”

ನಿಲ್ಲಿಸಿದ. ಬಯಲೆಲ್ಲ ಒಮ್ಮೆಗೇ ಹೋ ಎಂದಿತು. ಥಟ್ಟನೆ ಸುಮ್ಮನಾಯಿತು. ಅವನು ಕೆಳಗೆ ಅವ್ವನನ್ನು ನೋಡಿದ, ಅವಳ ಅಂಗೈಯಲ್ಲಿದ್ದ ಲಿಂಗವನ್ನು ನೋಡಿದ.

“ನಿಲ್ಲಿಸಬೇಡಿ,” ಎಂದಳು ಚಂದ್ರಮತಿ. “ಗೆದ್ದದ್ದನ್ನ ಹೇಳಕ್ಕೆ ಅಣ್ಣನೇ ಇದ್ದಾನೆ. ಇದನ್ನ ನೀವು ಹೇಳಿ.”

“ಕಾಲು ನೆಲ ಬಿಡ್ತು,” ಎಂದ ಅವನು. ದನಿ ಇನ್ನೂ ಮೆತ್ತಗಾಯಿತು, ಆದರೆ ಒಂದಕ್ಷರ ನುಂಗಲಿಲ್ಲ. “ಹುಡುಗ ಎತ್ತಿ ಹಾಕಿದ. ಎರಡೂ ಭುಜ ಮಣ್ಣು ಮುಟ್ಟಿದವು, ಅವ್ವ. ಉಸ್ತಾದರು ಕೈ ಎತ್ತಿದ್ರು. ನಿಮ್ಮ ಮಗ ಸೋತರು. ಮಲಗೇ ಅವ್ರೆ, ಆಕಾಶ ನೋಡ್ತಾ. ಪೆಟ್ಟಾಗಿಲ್ಲ, ಕೈಕಾಲು ಆಡ್ತಾ ಅವೆ. ಈಗ ನಕ್ಕರು. ನಿಜವಾಗ್ಲೂ ನಗ್ತಾ ಅವ್ರೆ. ಹುಡುಗ ಕೈ ಕೊಟ್ಟ, ಹಿಡ್ಕೊಂಡು ಎದ್ರು. ಆ ಹುಡುಗನ ಎದೆ ಮೇಲಿನ ಮಣ್ಣನ್ನ ಇವರೇ ಒರೆಸ್ತಾ ಅವ್ರೆ. ಯಜಮಾನರು ಟವೆಲು ಹಿಡ್ಕೊಂಡು ಬಂದ್ರು. ಮಗನಿಗೆ ಕೊಡೋದು ಮರೆತು ತಮ್ಮ ಕಣ್ಣು ಒರೆಸ್ಕೋತಾ ಅವ್ರೆ.”

ಅವ್ವ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಚಿಕ್ಕಬಸಮ್ಮ ಅವಳ ಹೆಗಲು ಹಿಡಿದುಕೊಂಡಿದ್ದಳು.

“ಅಪ್ಪ ಮಗ ಇಬ್ಬರೂ ಇತ್ಲಾಗೆ ಬತ್ತಾ ಅವ್ರೆ,” ಎಂದ ಗುರುಪಾದಸ್ವಾಮಿ. “ಜನ ದಾರಿ ಬಿಡ್ತಾ ಅವ್ರೆ. ಬೇವಿನ ಮರದ ನೆರಳಿಗೆ ಬಂದ್ರು. ನಿಮ್ಮಣ್ಣ ಒಂದ್ಸಲ ನನ್ನ ಕಡೆ ನೋಡಿದ್ರು. ಬೈಲಿಲ್ಲ. ಬಾಗಿಲ ಮುಂದೆ ಬಂದ್ರು.”

ಹಿತ್ತಲ ಗೋಡೆಯ ಬಾಗಿಲು ತೆರೆಯಿತು. ಮೈತುಂಬ ಕೆಂಪು ಮಣ್ಣಾದ ಮರಿಮಲ್ಲಪ್ಪ ಹೊಸ್ತಿಲ ಮೇಲೆ ನಿಂತಿದ್ದ. ಅವ್ವ ಏನಾಯ್ತಪ್ಪ ಎಂದು ಕೇಳಲಿಲ್ಲ. ಹೋಗಿ ಮಗನ ಎರಡೂ ಭುಜಗಳಿಗೆ ಕೈಯಿಟ್ಟು ಮಣ್ಣು ಸವರಿದಳು. ಅವನು ತಾಯಿಯನ್ನೂ ತಂಗಿಯನ್ನೂ ನೋಡಿ, ಎಲ್ಲ ಗೊತ್ತಾಗಿದೆ ಎಂದು ತಿಳಿದು, ಮೊದಲ ಸಲ ಏನೂ ಹೇಳಬೇಕಿಲ್ಲದವನ ಹಾಗೆ ಉಸಿರುಬಿಟ್ಟ.

ಹಿಂದಿನಿಂದ ಬಂದ ಅಪ್ಪ ಟವೆಲನ್ನು ಮಗನ ಹೆಗಲಿಗೆ ಹಾಕಿ, ಗೋಡೆಯ ಮೇಲಿದ್ದವನತ್ತ ತಲೆಯೆತ್ತಿದರು. “ಇಳಿಯಪ್ಪ,” ಎಂದರು. “ನಿಮ್ಮಪ್ಪಾರಿಗೆ ಬರಕ್ಕೆ ಹೇಳು.”

ಗುರುಪಾದಸ್ವಾಮಿ ಅವರಿಗೆ ತಲೆಬಾಗಿದ. ಆಮೇಲೆ ಚಂದ್ರಮತಿಯ ಕಡೆ ತಿರುಗಿದ.

“ಮುಂದಿನದನ್ನ ನಾನು ಹೇಳಬೇಕಾಗಿಲ್ಲ,” ಎಂದ. “ನೀವೇ ನೋಡ್ತಾ ಇದ್ದೀರಿ. ಮುಗೀತು.”

ಬಯಲ ಕಡೆಗಿದ್ದ ಕಾಲನ್ನು ಎತ್ತಿ, ಅವನು ಗೋಡೆಯಿಂದ ಈಚೆಗೆ ಇಳಿದ.